ತೋಟದ ಜೀಪಿಗೆ ಡಿಫರೆನ್ಷಿಯಲ್ ಲಾಕ್: ಕಡಿಮೆ ಖರ್ಚಿನ ಆಯ್ಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಕಾಫಿ ತೋಟಗಳಲ್ಲಿ ಜೀಪು ಓಡಿಸುವವರು, ಹಳೆಯ ಜೀಪು ಕೊಳ್ಳಲು ಹೊರಟವರು ಹಾಗೂ ಬೆಟ್ಟದ ದಾರಿಗಳಲ್ಲಿ ವಾಹನ ಹತ್ತಿಸುವ ಹವ್ಯಾಸವುಳ್ಳವರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಡಿಫರೆನ್ಷಿಯಲ್ ಲಾಕ್, ಅಂದರೆ ಒಂದೇ ಆಕ್ಸಲ್ಲಿನ ಎರಡೂ ಚಕ್ರಗಳನ್ನು ಒಟ್ಟಿಗೆ ಸುತ್ತುವಂತೆ ಬಿಗಿಯುವ ಸಾಧನದ ಬಗ್ಗೆ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಲ್ಲಿನ ಕೆಂಪು ಜೇಡಿಮಣ್ಣನ್ನೂ ಒಂದು ಬದಿಗೆ ವಾಲಿದ ತೋಟದ ದಾರಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಉತ್ತರಗಳನ್ನು ಬರೆಯಲಾಗಿದೆ. ಮರಳುಗಾಡಿನಲ್ಲಿಯೋ ಬಂಡೆಗಳ ಮೇಲೆಯೋ ಓಡುವ ವಾಹನಕ್ಕೆ ಇವುಗಳಲ್ಲಿ ಕೆಲವು ಒಪ್ಪದಿರಬಹುದು.

### ಮೊದಲು ತಿಳಿಯಬೇಕಾದವು

ಫೋರ್ ವೀಲ್ ಹಾಕಿದರೂ ಜೀಪು ಕೆಸರಿನಲ್ಲಿ ನಿಂತುಬಿಡುತ್ತದಲ್ಲ, ಏಕೆ?

ಫೋರ್ ವೀಲ್ ಲಿವರ್ ಎಳೆದಾಗ ಟ್ರಾನ್ಸ್‌ಫರ್ ಕೇಸ್ ಎಂಬ ಗೇರ್ ಪೆಟ್ಟಿಗೆ ಮುಂದಿನ ಆಕ್ಸಲ್ಲನ್ನು ಹಿಂದಿನ ಆಕ್ಸಲ್ಲಿಗೆ ಜೋಡಿಸುತ್ತದೆಯೇ ಹೊರತು, ಒಂದೇ ಆಕ್ಸಲ್ಲಿನ ಎಡ ಬಲ ಚಕ್ರಗಳನ್ನು ಒಂದಕ್ಕೊಂದು ಕಟ್ಟುವುದಿಲ್ಲ. ಪ್ರತಿ ಆಕ್ಸಲ್ಲಿನ ನಡುವೆ ಇರುವ ಡಿಫರೆನ್ಷಿಯಲ್ಲಿನ ಕೆಲಸವೆಂದರೆ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಬೇಗ ಸುತ್ತಲು ಬಿಡುವುದು. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಯಾವಾಗಲೂ ಸಮನಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಆದ್ದರಿಂದ ಒಂದು ಚಕ್ರ ಗುಂಡಿಯಲ್ಲಿ ಹಿಡಿತವಿಲ್ಲದೆ ಸುತ್ತಲಾರಂಭಿಸಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ಏಕಕಾಲದಲ್ಲಿ ಹಿಡಿತ ಕಳೆದುಕೊಂಡರೆ, ಫೋರ್ ವೀಲ್ ಇದ್ದರೂ ವಾಹನ ಇದ್ದಲ್ಲೇ ನಿಲ್ಲುತ್ತದೆ. ತೋಟದೊಳಗೆ ನೀರು ಹರಿಯಲೆಂದು ದಾರಿಗೆ ಓರೆಯಾಗಿ ತೋಡಿದ ಚರಂಡಿಗಳನ್ನು ದಾಟುವಾಗ ಆಗುವುದು ಬಹುಮಟ್ಟಿಗೆ ಇದೇ.

ಎಲ್‌ಎಸ್‌ಡಿ ಬೇರೆ, ಲಾಕರ್ ಬೇರೆಯೇ?

ಬೇರೆ. ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತಾಗ ಕಾಲಿನಿಂದ ಒತ್ತುವ ಪೆಡಲ್ ಎರಡೂ ಹಿಂಬದಿ ಚಕ್ರಗಳನ್ನು ಒಂದೇ ಶಾಫ್ಟಿನಂತೆ ಬಿಗಿಯುತ್ತದೆ. ಜೀಪಿನ ಲಾಕರ್ ಮಾಡುವುದೂ ಅದನ್ನೇ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ, ಚಕ್ರಗಳನ್ನು ಪೂರ್ತಿಯಾಗಿ ಬಿಗಿಯದೆ, ಜಾರುತ್ತಿರುವ ಚಕ್ರಕ್ಕೆ ಸಿಗುವುದಕ್ಕಿಂತ ಹೆಚ್ಚು ಟಾರ್ಕನ್ನು ಹಿಡಿತವಿರುವ ಚಕ್ರಕ್ಕೆ ಸಾಗಿಸುತ್ತದೆ.

ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕೆಸರಿನಲ್ಲಿರುವ ಚಕ್ರ 200 ನ್ಯೂಟನ್ ಮೀಟರ್ ಟಾರ್ಕನ್ನಷ್ಟೇ ತಾಳಬಲ್ಲದೆಂದುಕೊಳ್ಳಿ. ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಇನ್ನೊಂದಕ್ಕೂ 200 ಸಿಕ್ಕಿ, ಒಟ್ಟು 400 ಆಗುತ್ತದೆ. ಮೂರಕ್ಕೆ ಒಂದರ ಅನುಪಾತವಿರುವ ಎಲ್‌ಎಸ್‌ಡಿಯಲ್ಲಿ ಇನ್ನೊಂದು ಚಕ್ರಕ್ಕೆ 600ರವರೆಗೆ ಸಿಗುವುದರಿಂದ ಒಟ್ಟು 800ಕ್ಕೆ ಏರುತ್ತದೆ. ಲಾಕರಿನಲ್ಲಿ ಇಂತಹ ಮಿತಿಯೇ ಇಲ್ಲ. ಗಟ್ಟಿ ನೆಲದ ಮೇಲಿರುವ ಚಕ್ರ ಎಷ್ಟನ್ನು ತಾಳುತ್ತದೆಯೋ ಅಷ್ಟೂ ಅದಕ್ಕೆ ತಲುಪುತ್ತದೆ.

ಟೈರ್ ಬದಲಿಸಿದರೆ ಸಾಲದೇ? ಲಾಕರ್ ನಿಜವಾಗಿ ಬೇಕೇ?

ಮೊದಲ ಹಣ ಟೈರಿಗೇ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸವೆದ ಟೈರಿನ ಜೀಪಿಗೆ ಲಾಕರ್ ಹಾಕಿದರೆ ಒಂದು ಚಕ್ರ ಸುತ್ತುವಲ್ಲಿ ಎರಡು ಸುತ್ತುತ್ತವೆ, ಅಷ್ಟೇ. ಅಗಲವಾದ ಸಂದುಗಳುಳ್ಳ ಮಡ್ ಟೈರ್ ಜೇಡಿಮಣ್ಣನ್ನು ಹೊರಗೆ ಎಸೆಯುತ್ತದೆ. ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿದರೆ ನೆಲಕ್ಕೆ ತಾಗುವ ಭಾಗ ಹೆಚ್ಚುತ್ತದೆ. ಆದರೆ ಡಾಂಬರು ರಸ್ತೆಗೆ ಬರುವ ಮುನ್ನ ಮತ್ತೆ ತುಂಬಿಸಲೇಬೇಕು. ಜುಲೈ ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಟೈರಿಗೆ ಚೈನ್ ಕಟ್ಟಿ ಕೆಲಸ ಸಾಗಿಸುವ ತೋಟಗಳಲ್ಲಿ ಚೈನ್ ಒಂದೇ ಸಾಕಾಗುವುದೂ ಉಂಟು. ಒಳ್ಳೆಯ ಟೈರ್ ಇದ್ದೂ, ಒಂದು ಚಕ್ರ ಎತ್ತಿದ ಕಾರಣಕ್ಕೋ ಒಂದು ಬದಿ ಚರಂಡಿಗೆ ಇಳಿದ ಕಾರಣಕ್ಕೋ ಜೀಪು ಮತ್ತೆ ಮತ್ತೆ ನಿಲ್ಲುವುದಾದರೆ ಆಗ ಲಾಕರಿನ ಬಗ್ಗೆ ಯೋಚಿಸಿ.

ನಮ್ಮದು ಟೂ ವೀಲ್ ಪಿಕಪ್. ಅದಕ್ಕೂ ಪ್ರಯೋಜನವಿದೆಯೇ?

ಇದೆ, ಅದೂ ಗಣನೀಯವಾಗಿ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಕಾಫಿ ಚೀಲಗಳನ್ನು ಹೇರಿದ್ದರೆ ಹಿಂಬದಿ ಚಕ್ರಗಳ ಮೇಲಿನ ಭಾರ ಇನ್ನೂ ಹೆಚ್ಚು. ಆ ಎರಡೂ ಚಕ್ರಗಳು ಒಟ್ಟಿಗೆ ದುಡಿದರೆ ಎಷ್ಟೋ ಏರುಗಳು ದಕ್ಕುತ್ತವೆ. ಹಿಂಬದಿ ಚಕ್ರಕ್ಕಷ್ಟೇ ಶಕ್ತಿಯಿರುವ ಬೊಲೆರೊ ನಿಯೋದ ಮೇಲಿನ ದರ್ಜೆಯಲ್ಲಿ ಕಂಪನಿಯೇ ಮೆಕ್ಯಾನಿಕಲ್ ಲಾಕ್ ಕೊಟ್ಟಿರುವುದು ಈ ಕಾರಣಕ್ಕೇ. ಆದರೆ ಸಮತಟ್ಟಾದ ಆಳ ಕೆಸರಿನಲ್ಲಿ ಮುಂದಿನ ಚಕ್ರಗಳು ಶಕ್ತಿಯಿಲ್ಲದೆ ಮಣ್ಣನ್ನು ತಳ್ಳಿಕೊಂಡು ಹೋಗುವುದನ್ನು ಯಾವ ಲಾಕರೂ ತಪ್ಪಿಸದು.

### ಆಯ್ಕೆಯ ಪ್ರಶ್ನೆಗಳು

ಬಜೆಟ್ ಕಡಿಮೆ. ಯಾವ ಯಾವ ಬಗೆಗಳಿವೆ, ಯಾವುದನ್ನು ತೆಗೆದುಕೊಳ್ಳಲಿ?

ಪ್ಲೇಟ್ ಎಲ್‌ಎಸ್‌ಡಿಯಲ್ಲಿ ಕ್ಲಚ್ಚಿನಂತಹ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಚಕ್ರಗಳ ವೇಗದ ಅಂತರವನ್ನು ತಡೆಯುತ್ತವೆ. ಅವು ಸವೆಯುತ್ತವೆ ಮತ್ತು ಸವೆದಷ್ಟೂ ಸಾಮಾನ್ಯ ಡಿಫರೆನ್ಷಿಯಲ್ಲಿನಂತೆಯೇ ಆಗುತ್ತವೆ. ಹಳೆಯ ವಾಹನದಿಂದ ಬಿಚ್ಚಿದ ಪ್ಲೇಟ್ ಎಲ್‌ಎಸ್‌ಡಿ ಅಗ್ಗವೆಂದು ಕೊಳ್ಳುವವರು ಬಿಲ್ಲೆಗಳ ದಪ್ಪ ನೋಡದೆ ಹಣ ಕೊಡಬಾರದು. ಹೆಲಿಕಲ್ ಗೇರಿನ ಎಲ್‌ಎಸ್‌ಡಿಯಲ್ಲಿ, ಟಾರ್ಸೆನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಬಗೆಯಲ್ಲಿ, ಇಂತಹ ಬಿಲ್ಲೆಗಳ ಸವೆತದ ಚಿಂತೆ ಬಹುತೇಕ ಇಲ್ಲ. ಆದರೆ ಅದು ಗುಣಿಸುವ ಯಂತ್ರವಾದ್ದರಿಂದ ಒಂದು ಚಕ್ರ ಗಾಳಿಯಲ್ಲಿ ತೂಗಾಡಿದಾಗ ಸೊನ್ನೆಯನ್ನು ಮೂರರಿಂದ ಗುಣಿಸಿದರೂ ಸೊನ್ನೆಯೇ ಸಿಗುತ್ತದೆ. ಆಗ ಬ್ರೇಕನ್ನು ಹಗುರವಾಗಿ ಒತ್ತಿ ಆ ಚಕ್ರಕ್ಕೆ ಸ್ವಲ್ಪ ತಡೆ ಕೊಟ್ಟರೆ ಅದು ಎಚ್ಚೆತ್ತು ಕೆಲಸ ಮಾಡುತ್ತದೆ.

ಮೂರನೆಯದು, ಇರುವ ಡಿಫರೆನ್ಷಿಯಲ್ ಕೇಸಿನೊಳಗಿನ ಪುಟ್ಟ ಹಲ್ಲುಚಕ್ರಗಳಾದ ಸ್ಟಾರ್ ಗೇರ್ ಮತ್ತು ಸನ್ ಗೇರ್‌ಗಳನ್ನಷ್ಟೇ ತೆಗೆದು ಅವುಗಳ ಜಾಗದಲ್ಲಿ ಕೂರಿಸುವ ಆಟೋಮ್ಯಾಟಿಕ್ ಲಾಕರ್. ಇದನ್ನು ಲಂಚ್‌ಬಾಕ್ಸ್ ಲಾಕರ್ ಎಂದು ಕರೆಯುತ್ತಾರೆ. ಹೊಸ ಲಾಕರುಗಳಲ್ಲಿ ಅತಿ ಅಗ್ಗದ್ದು ಇದೇ. ಅಮೆರಿಕದ ಮಾರುಕಟ್ಟೆಯಲ್ಲಿ ಇದಕ್ಕೆ ಸುಮಾರು 300ರಿಂದ 500 ಡಾಲರ್ ಇದ್ದರೆ, ಗಾಳಿಯಿಂದ ಕೆಲಸ ಮಾಡುವ ಏರ್ ಲಾಕರಿಗೆ ಕಂಪ್ರೆಸರ್ ಬಿಟ್ಟೇ 1,000 ಡಾಲರ್ ದಾಟುತ್ತದೆ; ಆಮದು ಸುಂಕವೂ ಸಾಗಣೆಯೂ ಇದರ ಮೇಲೆ ಬೀಳುತ್ತವೆ. ನಾಲ್ಕನೆಯದು ಸ್ವಿಚ್ಚಿನಿಂದಲೋ ಲಿವರಿನಿಂದಲೋ ಹಾಕಿ ತೆಗೆಯುವ ಲಾಕರ್.

ಕೊಡಗಿಗೆ ನನ್ನ ಸಲಹೆ ನೇರವಾಗಿದೆ: ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯಬಹುದಾದ ಲಾಕರ್, ಹಿಂದಿನ ಆಕ್ಸಲ್ಲಿಗೆ ಮಾತ್ರ. ಅದರ ಬೆಲೆ ಈಗ ಕೈಗೆಟುಕದಿದ್ದರೆ ಅಗ್ಗದ ಆಟೋಮ್ಯಾಟಿಕ್ ಲಾಕರನ್ನು ಹಿಂದಕ್ಕೆ ಹಾಕಿಸುವುದಕ್ಕಿಂತ ಟೈರಿನಲ್ಲಿ ಮತ್ತು ಹೂತ ವಾಹನವನ್ನು ಎಳೆಯುವ ಒಂದು ಗಟ್ಟಿ ಕೈ ವಿಂಚಿನಲ್ಲಿ ಇನ್ನೊಂದು ಮಳೆಗಾಲ ಕಳೆಯುವುದು ಮೇಲು. ಏಕೆಂಬುದು ಮುಂದಿನ ಎರಡು ಉತ್ತರಗಳಲ್ಲಿದೆ.

ತೋಟದ ದಾರಿ ಒಂದು ಕಡೆಗೆ ವಾಲಿದೆ. ಲಾಕ್ ಹಾಕಿದರೆ ಅಡ್ಡಕ್ಕೆ ಜಾರುವುದು ನಿಲ್ಲುತ್ತದಲ್ಲವೇ?

ನಿಲ್ಲುವುದಿಲ್ಲ, ಹೆಚ್ಚುತ್ತದೆ. ಈ ವಿಷಯದಲ್ಲಿ ಅತಿ ಹೆಚ್ಚು ಜನರಿಗಿರುವ ತಪ್ಪು ತಿಳಿವಳಿಕೆಯೂ ಅತಿ ಅಪಾಯಕಾರಿಯಾದದ್ದೂ ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಟೈರಿಗೂ ನೆಲಕ್ಕೂ ನಡುವಿನ ಹಿಡಿತ ಒಂದೇ ಗಂಟು. ವಾಹನವನ್ನು ಮುಂದಕ್ಕೆ ತಳ್ಳಲು ಬಳಸಿದ್ದನ್ನು ಕಳೆದು ಉಳಿದದ್ದಷ್ಟೇ ಅಡ್ಡಕ್ಕೆ ಜಾರದಂತೆ ಹಿಡಿಯಲು ಸಿಗುತ್ತದೆ. ಸುತ್ತಿಕೊಂಡೇ ಇರುವ ಟೈರಿನಲ್ಲಿ ಅಡ್ಡ ಹಿಡಿತ ಬಹುತೇಕ ಉಳಿಯುವುದಿಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಜೀಪು ವಾಲಿದ ದಾರಿಯಲ್ಲಿ ಹೋಗುವಾಗ ಹಗುರವಾದ ಮೇಲ್ಬದಿಯ ಚಕ್ರ ಸುತ್ತುತ್ತದೆ, ಆದರೆ ಕೆಳಬದಿಯ ಚಕ್ರ ಸುತ್ತದೆ ನೆಲವನ್ನು ಹಿಡಿದಿರುವುದರಿಂದ ಜೀಪಿನ ಹಿಂಭಾಗ ತನ್ನ ಜಾಗದಲ್ಲಿ ನಿಲ್ಲುತ್ತದೆ. ಮುಂದಕ್ಕೆ ಹೋಗಲಾಗದಿರಬಹುದು, ಕೆಳಕ್ಕಂತೂ ಬೀಳುವುದಿಲ್ಲ. ಲಾಕ್ ಹಾಕಿದ್ದರೆ ಎರಡೂ ಚಕ್ರಗಳು ಒಟ್ಟಿಗೆ ಜಾರಿ ಸುತ್ತುತ್ತವೆ, ಅಡ್ಡ ಹಿಡಿತ ಎರಡರಲ್ಲಿಯೂ ಹೋಗುತ್ತದೆ, ಹಿಂಭಾಗ ಇಳಿಜಾರಿನ ಕಡೆಗೆ ಸರಿಯುತ್ತದೆ.

ನಮ್ಮ ತೋಟಗಳ ದಾರಿಗಳು ಗುಡ್ಡದ ಪಕ್ಕೆಯನ್ನು ಕಡಿದು ಮಾಡಿದವು. ಒಂದು ಬದಿಗೆ ಬರೆ (ಕಡಿದ ಮಣ್ಣಿನ ಗೋಡೆ), ಇನ್ನೊಂದು ಬದಿಗೆ ಕಾಫಿ ಗಿಡಗಳ ಇಳಿಜಾರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಭಾಗದಲ್ಲಿ ನೆಲ ಕುಸಿದುದನ್ನು ಕಂಡವರಿಗೆ ಮಳೆಗಾಲದಲ್ಲಿ ದಾರಿಯ ಹೊರ ಅಂಚನ್ನು ನಂಬಬಾರದೆಂದು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ನೇರವಾದ ಏರಿಗೆ, ಚರಂಡಿ ದಾಟಲು, ಹೂತಲ್ಲಿಂದ ಮೇಲೇಳಲು ಲಾಕ್ ಹಾಕಿ. ಅಡ್ಡ ಇಳಿಜಾರು ಬರುವ ಮೊದಲೇ ನಿಲ್ಲಿಸಿ ತೆಗೆಯಿರಿ. ತೆಗೆಯಲು ಬಾರದ ಲಾಕರನ್ನು ನಾನು ಇಲ್ಲಿನ ಹಿಂಬದಿ ಆಕ್ಸಲ್ಲಿಗೆ ಒಪ್ಪದಿರಲು ಮುಖ್ಯ ಕಾರಣವೂ ಇದೇ.

ಆಟೋಮ್ಯಾಟಿಕ್ ಲಾಕರ್ ಡಾಂಬರು ರಸ್ತೆಯಲ್ಲಿ ತೊಂದರೆ ಕೊಡುತ್ತದೆಯೇ?

ಲಂಚ್‌ಬಾಕ್ಸ್ ಲಾಕರ್ ಮೂಲತಃ ಸದಾ ಲಾಕ್ ಆಗಿಯೇ ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಮುಂದೆ ಓಡಿದಾಗ ಮಾತ್ರ ಅದರ ಹಲ್ಲುಗಳು ಕಟಕಟ ಸದ್ದು ಮಾಡುತ್ತ ಬಿಟ್ಟುಕೊಡುತ್ತವೆ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಚಕ್ರವೊಂದೇ ತಳ್ಳುತ್ತದೆ, ಕಾಲು ತೆಗೆದರೆ ಹಿಡಿತ ಬದಲಾಗಿ ವಾಹನ ತುಸು ಪಕ್ಕಕ್ಕೆ ಎಳೆದಂತಾಗುತ್ತದೆ. ಉದ್ದ ವಾಹನದಲ್ಲಿ ಇದು ಅಷ್ಟಾಗಿ ಗೊತ್ತಾಗದು, ಗಿಡ್ಡ ವೀಲ್‌ಬೇಸಿನ ಜೀಪಿನಲ್ಲಿಯೂ ಜಿಪ್ಸಿಯಲ್ಲಿಯೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಂತಹ ರಸ್ತೆಯಲ್ಲಿ, ಮಂಜು ಮಳೆಗಳ ನಡುವೆ, ಮನೆಯವರನ್ನು ಕೂರಿಸಿಕೊಂಡು ಹೋಗುವ ವಾಹನಕ್ಕೆ ಈ ಗುಣ ಬೇಡ.

ಮುಂದಿನ ಚಕ್ರವನ್ನು ಅದರ ಶಾಫ್ಟಿನಿಂದ ಬಿಡಿಸಬಹುದಾದ ಹಬ್ ಇರುವ ಹಳೆಯ ಜೀಪಿನಲ್ಲಿ ಇದಕ್ಕೊಂದು ಉಪಾಯವುಂಟು. ಲಂಚ್‌ಬಾಕ್ಸ್ ಲಾಕರನ್ನು ಮುಂದಿನ ಆಕ್ಸಲ್ಲಿಗೆ ಹಾಕಿಸಿದರೆ, ಹಬ್ ಬಿಟ್ಟಿರುವಾಗ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ಹಬ್ ಹಾಕಿ ಫೋರ್ ವೀಲಿಗೆ ಬಂದಾಗ ಮಾತ್ರ ಕೆಲಸ ಮಾಡುತ್ತದೆ. ಆಗ ಸ್ಟೀರಿಂಗ್ ಬಿಗಿಯಾಗುತ್ತದೆ, ಮುಂದಿನ ಶಾಫ್ಟಿನ ಜಾಯಿಂಟುಗಳ ಮೇಲೆ ಒತ್ತಡ ಬೀಳುತ್ತದೆ, ಚಕ್ರವನ್ನು ಪೂರ್ತಿ ತಿರುಗಿಸಿ ಜೋರಾಗಿ ಎಳೆಸಿದರೆ ಜಾಯಿಂಟ್ ಮುರಿಯಬಹುದು. ಇವನ್ನು ಅರಿತು ಓಡಿಸುವವರಿಗೆ ಮಾತ್ರ ಇದು ಒಪ್ಪುವ ಅಗ್ಗದ ದಾರಿ.

ಸ್ಟಾರ್ ಗೇರಿಗೆ ವೆಲ್ಡಿಂಗ್ ಮಾಡಿಸಿದರೆ ಮುಗಿಯಿತಲ್ಲ?

ರಸ್ತೆಗೆ ಇಳಿಯುವ ವಾಹನಕ್ಕೆ ಖಂಡಿತ ಬೇಡ. ಪ್ರತಿ ತಿರುವಿನಲ್ಲಿಯೂ ಒಂದು ಟೈರ್ ಉಜ್ಜಿಕೊಂಡೇ ಸಾಗಬೇಕಾಗುತ್ತದೆ, ಶಾಫ್ಟುಗಳು ತಿರುಚಿಕೊಳ್ಳುತ್ತವೆ, ಒದ್ದೆ ರಸ್ತೆಯಲ್ಲಿ ಹಿಂಭಾಗ ಹೊರಕ್ಕೆ ಹೋಗುತ್ತದೆ. ವೆಲ್ಡಿಂಗಿನ ಚೂರು ಕಳಚಿ ಆಕ್ಸಲ್ಲಿನ ಮುಖ್ಯ ಗೇರುಗಳಾದ ಕ್ರೌನ್ ಮತ್ತು ಪಿನಿಯನ್ನಿನ ನಡುವೆ ಸಿಕ್ಕಿದರೆ ಉಳಿಸಿದ ಹಣದ ಹಲವು ಪಟ್ಟು ಖರ್ಚಾಗುತ್ತದೆ.

ಹಳೆಯ ಥಾರ್ ಕೊಳ್ಳುತ್ತಿದ್ದೇನೆ. ಲಾಕ್ ಇರುವುದನ್ನೇ ಹುಡುಕಲೇ?

ಹುಡುಕಿ. ಎಲ್ಲಕ್ಕಿಂತ ಅಗ್ಗವಾದ ಲಾಕರ್ ವಾಹನದ ಜೊತೆಗೇ ಬಂದಿರುವುದು. 2015ರ ಪರಿಷ್ಕೃತ ಥಾರ್‌ನಿಂದ ಹಿಂಬದಿಗೆ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಆಯ್ಕೆಯಾಗಿ ಸಿಗುತ್ತಿತ್ತು. 2020ರ ಹೊಸ ಥಾರ್‌ನಲ್ಲಿಯೂ ಅದು ಕೆಲವು ದರ್ಜೆಗಳಲ್ಲಿ ಇದೆ, ಎಲ್ಲದರಲ್ಲಿಯೂ ಇಲ್ಲ. 2021ರ ನಂತರದ ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಚಾಲಕನೇ ಹಾಕುವ ಲಾಕ್ ಇದೆ.

ಥಾರ್‌ನ ಈ ಲಾಕಿಗೆ ಸ್ವಿಚ್ ಇಲ್ಲ. ಎರಡು ಹಿಂಬದಿ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತುಗಳ ಅಂತರ ಬಂದಾಗ ಒಳಗಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ಲಾಕ್ ಮಾಡುತ್ತವೆ. ವಾಹನ ಗಂಟೆಗೆ ಸುಮಾರು 30 ಕಿಲೋಮೀಟರ್ ಮೀರಿದ್ದರೆ ಲಾಕ್ ಬೀಳುವುದಿಲ್ಲ. ಡಾಂಬರು ರಸ್ತೆಯಲ್ಲಿ ಇದು ಸಾಮಾನ್ಯ ಡಿಫರೆನ್ಷಿಯಲ್ಲಿನಂತೆಯೇ ನಡೆದುಕೊಳ್ಳುವುದರಿಂದ ಲಂಚ್‌ಬಾಕ್ಸ್ ಲಾಕರಿನ ದೋಷಗಳು ಇದಕ್ಕಿಲ್ಲ. ವಾಲಿದ ದಾರಿಯಲ್ಲಿ ಮಾತ್ರ ಚಕ್ರ ಸುತ್ತಲು ಬಿಡದಂತೆ ಆಕ್ಸಿಲರೇಟರ್ ಮೇಲೆ ಹಗುರ ಕಾಲಿಡಬೇಕು.

ಲಾಕ್ ಇದೆಯೋ ಇಲ್ಲವೋ ಪರೀಕ್ಷಿಸುವುದು ಹೇಗೆ?

ಎರಡೂ ಹಿಂಬದಿ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಮುಂದಿನ ಚಕ್ರಗಳಿಗೆ ಅಡ್ಡ ಕಲ್ಲಿಟ್ಟು, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಒಂದು ಚಕ್ರವನ್ನು ಕೈಯಿಂದ ತಿರುಗಿಸುವುದು ರೂಢಿ. ಇನ್ನೊಂದು ಚಕ್ರ ವಿರುದ್ಧ ದಿಕ್ಕಿಗೆ ಸುಲಭವಾಗಿ ತಿರುಗಿದರೆ ಸಾಮಾನ್ಯ ಡಿಫರೆನ್ಷಿಯಲ್, ಒಂದೇ ದಿಕ್ಕಿಗೆ ತಿರುಗಿದರೆ ಗಟ್ಟಿಯಿರುವ ಪ್ಲೇಟ್ ಎಲ್‌ಎಸ್‌ಡಿ ಅಥವಾ ಲಾಕರ್ ಎಂದು ಅರ್ಥ. ಆದರೆ ಥಾರ್‌ನ ಮೆಕ್ಯಾನಿಕಲ್ ಲಾಕೂ ಹೆಲಿಕಲ್ ಎಲ್‌ಎಸ್‌ಡಿಯೂ ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಸಾಮಾನ್ಯದಂತೆಯೇ ವರ್ತಿಸುತ್ತವೆ. ಅವನ್ನು ಒಂದು ಬದಿಯ ಚಕ್ರ ಸಡಿಲ ಮಣ್ಣಿನ ಮೇಲಿರುವಂತೆ ಓಡಿಸಿಯೇ ನೋಡಬೇಕು. ಒಂದೇ ಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ ಗೇರ್ ಹಾಕುವ ಪ್ರಯೋಗವನ್ನು ಎಂದಿಗೂ ಮಾಡಬೇಡಿ. ಲಾಕ್ ಬಿದ್ದ ಕ್ಷಣ ನೆಲದ ಮೇಲಿರುವ ಚಕ್ರ ವಾಹನವನ್ನು ಜ್ಯಾಕಿನಿಂದ ಕೆಳಕ್ಕೆ ಓಡಿಸುತ್ತದೆ.

ಜಿಮ್ನಿಯಲ್ಲಿ ಬ್ರೇಕ್ ಎಲ್‌ಎಸ್‌ಡಿ ಇದೆಯಲ್ಲ, ಅದು ಸಾಲದೇ?

ತೋಟದ ದಿನನಿತ್ಯದ ಓಡಾಟಕ್ಕೆ ಬಹಳ ಮಟ್ಟಿಗೆ ಸಾಕು. ಸುತ್ತುತ್ತಿರುವ ಚಕ್ರಕ್ಕೆ ವಾಹನವೇ ಬ್ರೇಕ್ ಹಿಡಿದು ಇನ್ನೊಂದಕ್ಕೆ ಟಾರ್ಕ್ ಕಳುಹಿಸುತ್ತದೆ. ಚಕ್ರ ಸುತ್ತಿದ ಮೇಲೆಯೇ ಅದು ಕೆಲಸ ಆರಂಭಿಸುವುದರಿಂದ ಆಕ್ಸಿಲರೇಟರನ್ನು ತೆಗೆದು ಒತ್ತಿ ಮಾಡದೆ ಒಂದೇ ಸಮನಾಗಿ ಹಿಡಿದಿರಬೇಕು. ಉದ್ದನೆಯ ಕೆಸರು ಏರಿನಲ್ಲಿ ಬ್ರೇಕ್ ಬಿಸಿಯಾಗುತ್ತದೆ, ಪ್ಯಾಡ್ ಬೇಗ ಸವೆಯುತ್ತದೆ.

### ಅಳವಡಿಕೆ, ಬಾಳಿಕೆ

ನನ್ನ ಹಳೆಯ ಜೀಪಿಗೆ ಯಾವುದು ಹೊಂದುತ್ತದೆಂದು ತಿಳಿಯುವುದು ಹೇಗೆ?

ವಾಹನದ ಹೆಸರು ಹೇಳಿ ಲಾಕರ್ ತರಿಸಬೇಡಿ. ಆಕ್ಸಲ್ ಬಿಚ್ಚಿ ನೋಡಿ ತರಿಸಿ. ಹಲವು ಕೈ ದಾಟಿದ ಜೀಪುಗಳಲ್ಲಿ ಬೇರೆ ವಾಹನದ ಆಕ್ಸಲ್ ಇರುವುದು ಅಪರೂಪವಲ್ಲ. ಶಾಫ್ಟಿನ ತುದಿಯ ಸ್ಪ್ಲೈನ್ ಹಲ್ಲುಗಳನ್ನು ಎಣಿಸಬೇಕು: ಡಾನಾ 44 ಎಂಬ ಒಂದೇ ಹೆಸರಿನ ಆಕ್ಸಲ್ 10, 19 ಮತ್ತು 30 ಹಲ್ಲುಗಳಲ್ಲಿ ಬಂದಿದೆ. ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳನ್ನು ಎಣಿಸಿ ಭಾಗಿಸಿದರೆ ಅನುಪಾತ ಸಿಗುತ್ತದೆ. ಅದೇ ಡಾನಾ 44ರಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆಯ ಅನುಪಾತಕ್ಕೆ ಒಂದು ಕೇಸ್, 3.92 ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ ಇನ್ನೊಂದು. ಈ ಅಂಕಿಗಳಿಲ್ಲದೆ ಆರ್ಡರ್ ಮಾಡಿದ ಪೆಟ್ಟಿಗೆ ಬಹಳ ಸಲ ಶೆಡ್ಡಿನಲ್ಲೇ ಉಳಿಯುತ್ತದೆ.

ಲಾಕರ್ ಹಾಕಿದರೆ ಆಕ್ಸಲ್ ಶಾಫ್ಟ್ ಮುರಿಯುತ್ತದೆಂದು ಮೆಕ್ಯಾನಿಕ್ ಹೆದರಿಸುತ್ತಾರೆ. ನಿಜವೇ?

ಅರ್ಧ ನಿಜ. ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಒಂದು ಶಾಫ್ಟಿಗೆ ಅರ್ಧಕ್ಕಿಂತ ಹೆಚ್ಚು ಟಾರ್ಕ್ ಹೋಗುವುದೇ ಇಲ್ಲ. ಲಾಕ್ ಆದಾಗ ಬಹುತೇಕ ಎಲ್ಲವೂ ಒಂದಕ್ಕೇ ಹೋಗಬಹುದು. ಆದರೆ ಟೈರ್ ಜಾರುವುದಕ್ಕಿಂತ ಹೆಚ್ಚಿನ ಟಾರ್ಕನ್ನು ಶಾಫ್ಟ್ ಹೊರಬೇಕಾಗಿಲ್ಲ. ಒಂದು ಚಕ್ರದ ಮೇಲೆ 500 ಕಿಲೋ ಭಾರ, ಒಣ ನೆಲದಲ್ಲಿ ಘರ್ಷಣೆ 0.8, ಚಕ್ರದ ತ್ರಿಜ್ಯ 0.37 ಮೀಟರ್ ಎಂದಿಟ್ಟುಕೊಂಡರೆ ಸುಮಾರು 1,450 ನ್ಯೂಟನ್ ಮೀಟರಿಗೆ ಟೈರ್ ಜಾರಿಬಿಡುತ್ತದೆ; ಕೆಸರಿನಲ್ಲಿ ಅದಕ್ಕೂ ಬಹಳ ಮೊದಲೇ ಜಾರುತ್ತದೆ. ಶಾಫ್ಟುಗಳು ಸಾಮಾನ್ಯವಾಗಿ ಮುರಿಯುವುದು ಜೋರಾಗಿ ಸುತ್ತುತ್ತಿರುವ ಚಕ್ರ ಒಮ್ಮೆಲೇ ಕಲ್ಲಿಗೋ ಸಿಲ್ವರ್ ಓಕ್ ಬೇರಿಗೋ ಸಿಕ್ಕಿ ನಿಂತಾಗ, ಆ ಹೊಡೆತಕ್ಕೆ. ಆದ್ದರಿಂದ ಚಕ್ರ ಸುತ್ತಲು ಬಿಟ್ಟು ಆಮೇಲೆ ಲಾಕ್ ಹಾಕಬೇಡಿ. ನಿಲ್ಲಿಸಿ, ಲಾಕ್ ಹಾಕಿ, ಲೋ ಗೇರಿನಲ್ಲಿ ನಡೆಯುವ ವೇಗದಲ್ಲಿ ಹತ್ತಿಸಿ. ಚೈನ್ ಕಟ್ಟಿದ ಟೈರ್, ತುಂಬಿದ ಹೊರೆ ಮತ್ತು ಲಾಕ್ ಮೂರೂ ಸೇರಿದಾಗ ಈ ಎಚ್ಚರ ಇಮ್ಮಡಿಯಾಗಬೇಕು.

ಹಾಕಿ ತೆಗೆಯುವ ಲಾಕರ್ ಯಾವುದಿರಲಿ: ಗಾಳಿಯದೋ, ಕರೆಂಟಿನದೋ, ಕೇಬಲ್ಲಿನದೋ?

ನಮ್ಮ ಹವೆಗೆ, ಸಿಗುವುದಾದರೆ, ಕೇಬಲ್ಲಿನದು. ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ತೋಟದಲ್ಲೇ ಸರಿಪಡಿಸಬಹುದು. ಗಾಳಿಯದರಲ್ಲಿ ಪೈಪ್ ಸೋರುವ ಭಯವಿದ್ದರೂ ಅದರ ಕಂಪ್ರೆಸರಿನಿಂದ ಇಳಿಸಿದ ಟೈರಿಗೆ ಮತ್ತೆ ಗಾಳಿ ತುಂಬಿಸಬಹುದೆಂಬುದು ದೊಡ್ಡ ಅನುಕೂಲ. ಕರೆಂಟಿನದರಲ್ಲಿ ವೈರಿಂಗ್ ಜೋಡಣೆಗಳಿಗೆ ಕೆಸರುನೀರು ಹೋಗದಂತೆ ಗ್ರೀಸ್ ಹಾಕಿ ಮುಚ್ಚಬೇಕು.

ನಮ್ಮೂರಿನ ಮೆಕ್ಯಾನಿಕ್ ಕೂರಿಸಬಹುದೇ?

ಲಂಚ್‌ಬಾಕ್ಸ್ ಲಾಕರಾದರೆ ಕೈಪಳಗಿದ ಯಾವ ಮೆಕ್ಯಾನಿಕ್ಕೂ ಕೂರಿಸಬಹುದು, ಏಕೆಂದರೆ ಕ್ರೌನನ್ನು ಅದರ ಕೇಸಿನಿಂದ ಕಳಚಬೇಕಾಗಿಲ್ಲ. ಉಳಿದವುಗಳಲ್ಲಿ ಕೇಸೇ ಬದಲಾಗುವುದರಿಂದ ಬೇರಿಂಗಿನ ಬಿಗಿ, ಶಿಮ್ಮುಗಳ (ಸಂದು ತುಂಬುವ ತೆಳು ಬಿಲ್ಲೆಗಳ) ದಪ್ಪ ಮತ್ತು ಹಲ್ಲುಗಳ ನಡುವಿನ ಸಡಿಲವನ್ನು ಹೊಸದಾಗಿ ಹೊಂದಿಸಬೇಕು. ಈ ಸಡಿಲ ಸಾಮಾನ್ಯವಾಗಿ 0.13ರಿಂದ 0.25 ಮಿಲಿಮೀಟರಿನೊಳಗೆ ಇರಬೇಕಾದ್ದರಿಂದ ಕೈಯಂದಾಜಿಗೆ ದಕ್ಕುವ ಕೆಲಸವಲ್ಲ. ಗೋಣಿಕೊಪ್ಪವಾಗಲಿ, ಕುಶಾಲನಗರವಾಗಲಿ, ಮೈಸೂರಾಗಲಿ, ಡಯಲ್ ಗೇಜ್ ಇಟ್ಟುಕೊಂಡು ಹಲ್ಲಿಗೆ ಬಣ್ಣ ಹಚ್ಚಿ ಗುರುತು ನೋಡುವವರಿಗೇ ಕೊಡಿ. ಓಡುವಾಗ ಹಿಂದಿನಿಂದ ಊಳಿಡುವಂತಹ ಸದ್ದು ಬಂದರೆ ಹೊಂದಾಣಿಕೆ ತಪ್ಪಿದೆ ಎಂದೇ ತಿಳಿಯಬೇಕು.

ವಿಮೆ, ಆರ್‌ಟಿಒ ತಕರಾರು ಬರುವುದೇ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುವುದು ನೋಂದಣಿ ಪತ್ರದಲ್ಲಿ ನಮೂದಾದ ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು. ಡಿಫರೆನ್ಷಿಯಲ್ಲಿನ ಬಗೆ ಆ ಪತ್ರದಲ್ಲಿ ಇರುವುದಿಲ್ಲ. ಆದರೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ ಉತ್ತರ ಪಡೆದಿಡಿ. ವಾರಂಟಿಯಿರುವ ವಾಹನವಾದರೆ ಅವಧಿ ಮುಗಿಯುವವರೆಗೆ ಕಾಯುವುದು ಲೇಸು.

ಯಾವ ಆಯಿಲ್, ಮತ್ತು ಹೊಳೆ ದಾಟಿದ ಮೇಲೆ ಏನು ನೋಡಬೇಕು?

ತಯಾರಕರು ಬೇರೆ ಹೇಳದಿದ್ದರೆ ಬಹುಪಾಲು ಆಕ್ಸಲ್‌ಗಳಿಗೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಆಯಿಲ್ ನಡೆಯುತ್ತದೆ. ಪ್ಲೇಟ್ ಎಲ್‌ಎಸ್‌ಡಿಗೆ ಮಾತ್ರ ಅದಕ್ಕೆಂದೇ ಇರುವ ಸೇರಿಕೆ ಬೇಕು. ಇಲ್ಲದಿದ್ದರೆ ತಿರುವುಗಳಲ್ಲಿ ಬಿಲ್ಲೆಗಳು ಅದುರಿ ಸದ್ದು ಮಾಡುತ್ತವೆ. ಹೆಲಿಕಲ್ ಎಲ್‌ಎಸ್‌ಡಿಗೆ ಆ ಸೇರಿಕೆ ಬೇಡ.

ಏರು ಹತ್ತಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ಹೊಳೆಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡುವ ಕಿಂಡಿ) ಮೂಲಕವೋ ಸೀಲಿನ ಅಂಚಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬ್ರೀದರಿಗೆ ರಬ್ಬರ್ ಕೊಳವೆ ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟುವುದು ಅತ್ಯಲ್ಪ ಖರ್ಚಿನ ಕೆಲಸ, ಮಳೆಗಾಲಕ್ಕೆ ಮೊದಲೇ ಮಾಡಿಸಿ. ಆಯಿಲ್ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ ಎಂದರ್ಥ. ಅದೇ ವಾರ ಬದಲಿಸಬೇಕು, ಕೊಯ್ಲು ಮುಗಿಯಲೆಂದು ಕಾಯಬಾರದು. ಹಾಕಿ ತೆಗೆಯುವ ಲಾಕರನ್ನು ಬೇಸಿಗೆಯಲ್ಲಿಯೂ ತಿಂಗಳಿಗೊಮ್ಮೆ ಸಡಿಲ ಮಣ್ಣಿನ ಮೇಲೆ ಹಾಕಿ ತೆಗೆಯುತ್ತಿದ್ದರೆ ಕೇಬಲ್ಲೂ ಲಾಕನ್ನು ಸರಿಸುವ ಫೋರ್ಕೂ ತುಕ್ಕಿಗೆ ಅಂಟಿಕೊಳ್ಳದೆ ಜೂನಿನ ಹೊತ್ತಿಗೆ ಸಿದ್ಧವಾಗಿರುತ್ತವೆ.